ಗರ್ಭಜಲದ ಪರೀಕ್ಷೆ: ಅರಿಯಬೇಕಾದುದು, ಕೇಳಬಾರದುದು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಮನೆಗಳಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ಇನ್ನೂ ಅಳಿದಿಲ್ಲ. ಸಂಬಂಧ ಕಡಿಯಬಾರದು, ಹೊಲಮನೆ ಒಡೆಯಬಾರದು ಎಂಬುದು ಹಿರಿಯರ ಲೆಕ್ಕ. ಆದರೆ ಒಂದೇ ಮೂಲದಿಂದ ಬಂದ ದೋಷವು ದಂಪತಿಗಳಿಬ್ಬರಲ್ಲಿಯೂ ಗುಪ್ತವಾಗಿದ್ದರೆ, ಪ್ರತಿ ಗರ್ಭದಲ್ಲಿಯೂ ಶಿಶು ರೋಗಗ್ರಸ್ತವಾಗುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಮೊದಲ ಕೂಸು ಆರೋಗ್ಯವಾಗಿ ಬೆಳೆಯಿತೆಂಬುದರಿಂದ ಎರಡನೆಯದರ ಲೆಕ್ಕ ಬದಲಾಗದು.

ಇಂತಹ ಮನೆಯವರಿಗೆ ವೈದ್ಯರು ಗರ್ಭಜಲದ ಪರೀಕ್ಷೆಯನ್ನು ಸೂಚಿಸುವುದುಂಟು. ಶಿಶುವು ತೇಲುವ ಆ ನೀರಿನಲ್ಲಿ ಅದರ ಮೂತ್ರವೂ ಉದುರಿದ ಜೀವಕೋಶಗಳೂ ಬೆರೆತಿರುತ್ತವೆ. ಹದಿನೈದು ವಾರ ತುಂಬಿದ ಮೇಲೆ, ಸ್ಕ್ಯಾನಿಂಗ್ ಯಂತ್ರದಲ್ಲಿ ಶಿಶುವನ್ನು ನೋಡುತ್ತಲೇ, ತಾಯಿಯ ಹೊಟ್ಟೆಯ ಮೂಲಕ ಸೂಜಿ ಇಳಿಸಿ 15ರಿಂದ 20 ಮಿಲಿಲೀಟರಿನಷ್ಟು ತೆಗೆಯುತ್ತಾರೆ. ಇದರಿಂದ ಗರ್ಭಪಾತವಾಗುವ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ.

1952ರಲ್ಲಿ ಇಂಗ್ಲೆಂಡಿನ ಬೆವಿಸ್ ಎಂಬ ವೈದ್ಯರು, ತಾಯಿ-ಮಗುವಿನ ರಕ್ತ ಹೊಂದದ ಪ್ರಸಂಗಗಳಲ್ಲಿ ಶಿಶುವಿನ ಸ್ಥಿತಿಯನ್ನು ಈ ನೀರಿನ ರಾಸಾಯನಿಕ ವಿಶ್ಲೇಷಣೆಯಿಂದ ಮುಂಗಾಣಬಹುದೆಂದು ತೋರಿಸಿದರು. 1972ರಲ್ಲಿ ಎಡಿನ್‌ಬರೋದ ಬ್ರಾಕ್ ಮತ್ತು ಸಟ್‌ಕ್ಲಿಫ್ ಇನ್ನೊಂದನ್ನು ಕಂಡರು: ಶಿಶುವಿನ ತಲೆಯೋ ಬೆನ್ನುಹುರಿಯೋ ಮುಚ್ಚದೆ ತೆರೆದಿದ್ದರೆ ಆಲ್ಫಾ ಫೀಟೋಪ್ರೋಟೀನ್ ಎಂಬ ಸಸಾರಜನಕ ನೀರಿನಲ್ಲಿ ಹೆಚ್ಚುತ್ತದೆ. ಇಂದು ಬೆನ್ನಿನ ದೋಷವನ್ನು ಬಹುಮಟ್ಟಿಗೆ ಸ್ಕ್ಯಾನಿಂಗ್‌ನಲ್ಲಿಯೇ ಕಾಣುತ್ತಾರೆ. ಗರ್ಭಜಲವು ಹೆಚ್ಚಾಗಿ ಕ್ರೋಮೋಸೋಮು, ವಂಶವಾಹಿಗಳ ಪರೀಕ್ಷೆಗೆ ಒದಗುತ್ತದೆ. ಜೀವಕೋಶಗಳನ್ನು ಬೆಳೆಸಿ ನೋಡಲು ಎರಡು ಮೂರು ವಾರ ಬೇಕು. ಆದುದರಿಂದ ಸುಗ್ಗಿ ಮುಗಿಯಲಿ, ಜಾತ್ರೆ ಕಳೆಯಲಿ ಎಂದು ತಡೆಯುವಂತಿಲ್ಲ. ಬೆನ್ನುಹುರಿಯಾದರೋ ಗರ್ಭ ನಿಂತ ನಾಲ್ಕು ವಾರಗಳಲ್ಲೇ ಮುಚ್ಚಬೇಕಾದುದು. ಸೊಸೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಆ ಕಾಲ ಮೀರಿರುತ್ತದೆ. ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಕ್ಕೆ ಮೊದಲೇ ಆರಂಭಿಸಬೇಕೆನ್ನುವುದು ಇದಕ್ಕಾಗಿಯೇ.

ಹಿರಿಯರು ವೈದ್ಯರ ಮುಂದೆ ಅನೇಕ ಸಂಗತಿಗಳನ್ನು ಮುಚ್ಚಿಡುತ್ತಾರೆ. ಹಿಂದೆ ಇಳಿದುಹೋದ ಗರ್ಭಗಳು, ಎಳವೆಯಲ್ಲೇ ತೀರಿದ ಕೂಸು, ಬುದ್ಧಿ ಬೆಳೆಯದ ಚಿಕ್ಕಪ್ಪ, ಇವೆಲ್ಲ ಹೊರಬಿದ್ದರೆ ಉಳಿದ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆ. ಯಾವ ರೋಗವನ್ನು ಹುಡುಕಬೇಕೆಂದು ತಿಳಿಯದ ಪರೀಕ್ಷೆ ಏನನ್ನು ಹೇಳೀತು?

ಇದೇ ನೀರಿನಿಂದ ಗಂಡೋ ಹೆಣ್ಣೋ ಎಂದರಿತು ಹೆಣ್ಣುಭ್ರೂಣಗಳನ್ನು ತೆಗೆಸಿದ ಪಾಪ ನಮ್ಮ ದೇಶಕ್ಕೆ ಅಂಟಿದೆ. 1994ರ ಕಾಯಿದೆ 1996ರ ಜನವರಿ 1ರಿಂದ ಜಾರಿಗೆ ಬಂದು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಲಿಂಗವನ್ನು ತಿಳಿಸುವ ವೈದ್ಯರೂ, ಅದಕ್ಕಾಗಿ ಒತ್ತಾಯಿಸುವ ಗಂಡನೂ ಬಂಧುಗಳೂ ಶಿಕ್ಷಾರ್ಹರು. ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡುವ ನಮ್ಮ ಸಂಪ್ರದಾಯ ಆ ಶಿಶು ಗಂಡೇ ಹೆಣ್ಣೇ ಎಂದು ಕೇಳುವುದಿಲ್ಲ. ಆ ಸಂಸ್ಕಾರ ನಡೆಸಿದ ಮನೆಯವರೇ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಪಿಸುಗುಟ್ಟುವುದು ನನಗಂತೂ ಅರ್ಥವಾಗದು.

ಪರೀಕ್ಷೆಗೆ ಮೊದಲು ಅದರ ಅಪಾಯಗಳನ್ನು ಗರ್ಭಿಣಿಗೆ ವಿವರಿಸಿ, ಆಕೆಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯೊಂದನ್ನು ಆಕೆಯ ಕೈಗೇ ಕೊಡಬೇಕೆಂದು ಅದೇ ಕಾಯಿದೆ ವಿಧಿಸಿದೆ. ಸಹಿ ಆಕೆಯದು, ಅತ್ತೆಯದಲ್ಲ, ಮಾವನದೂ ಅಲ್ಲ.