ಕಾಶ್ಯಪಸಂಹಿತೆಯ ವೇದನಾಧ್ಯಾಯವೂ ಇಂದಿನ ಶಿಶುವೇದನಾಪರೀಕ್ಷೆಯೂ

ರೋಗಿಯನ್ನು ಪ್ರಶ್ನಿಸಿ ತಿಳಿಯುವುದು ವೈದ್ಯಪರೀಕ್ಷೆಯ ಪ್ರಧಾನಾಂಗಗಳಲ್ಲೊಂದು. ಮಾತು ಬಾರದ ಶಿಶುವಿನಲ್ಲಿ ಈ ಅಂಗವೇ ಲುಪ್ತವಾಗಿರುವುದರಿಂದ, ಅದರ ನೋವನ್ನು ಅರಿಯುವುದೆಂತೆಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಕೌಮಾರಭೃತ್ಯಗ್ರಂಥವಾದ ಕಾಶ್ಯಪಸಂಹಿತೆಯು ಸೂತ್ರಸ್ಥಾನದ ವೇದನಾಧ್ಯಾಯವನ್ನು ಇದಕ್ಕಾಗಿಯೇ ಮೀಸಲಿಟ್ಟಿದೆ. ನೇಪಾಳದಲ್ಲಿ ದೊರೆತ ತ್ರುಟಿತವಾದ ತಾಳೆಯೋಲೆಯ ಪ್ರತಿಯನ್ನಾಧರಿಸಿ, ಹೇಮರಾಜಶರ್ಮರ ವಿಸ್ತಾರವಾದ ಉಪೋದ್ಘಾತದೊಡನೆ ಈ ಗ್ರಂಥವು 1938ರಲ್ಲಿ ಮುಂಬಯಿಯಲ್ಲಿ ಮುದ್ರಿತವಾಯಿತು.

ಅಲ್ಲಿ ಹೇಳಿರುವ ಲಕ್ಷಣಗಳು ಸೂಕ್ಷ್ಮಾವಲೋಕನದ ಫಲಗಳು. ತಲೆನೋವಿರುವ ಶಿಶುವು ತಲೆಯನ್ನು ಬಹಳವಾಗಿ ಹೊರಳಿಸುತ್ತದೆ, ಕಣ್ಣುಗಳನ್ನು ಮುಚ್ಚಿಕೊಳ್ಳುತ್ತದೆ, ನಿದ್ರೆಮಾಡದು. ಕಿವಿನೋವಿದ್ದರೆ ಕೈಗಳಿಂದ ಕಿವಿಗಳನ್ನು ಮುಟ್ಟಿಕೊಳ್ಳುತ್ತದೆ. ಉದರಶೂಲೆಯಲ್ಲಿ ಮೊಲೆಯನ್ನು ಬಿಟ್ಟು ಅಳುತ್ತದೆ, ಅಂಗಾತ ಮಲಗುತ್ತದೆ. ಹೊಟ್ಟೆ ಬಿಗಿಯುತ್ತದೆ, ಮುಖ ಬೆವರುತ್ತದೆ.

ಇಂದಿನ ತುರ್ತುಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿರುವ, 1997ರಲ್ಲಿ ಪ್ರಕಟವಾದ ‘ಫ್ಲ್ಯಾಕ್’ ಎಂಬ ಮಾನವೂ ಇಂತಹ ಲಕ್ಷಣಗಳನ್ನೇ ಅವಲಂಬಿಸಿದೆ. ಮುಖಭಾವ, ಕಾಲುಗಳು, ದೇಹಚಲನೆ, ಅಳು, ಸಂತೈಸಿದರೆ ಶಮನವಾಗುವಿಕೆ ಎಂಬ ಐದಕ್ಕೂ ಸೊನ್ನೆಯಿಂದ 2ರವರೆಗೆ ಅಂಕಗಳನ್ನು ಕೊಟ್ಟು, ಒಟ್ಟು 10ಕ್ಕೆ ಎಷ್ಟೆಂದು ಎಣಿಸುತ್ತಾರೆ. 7 ಅಥವಾ ಮೇಲ್ಪಟ್ಟುದು ತೀವ್ರವೇದನೆಯ ಸೂಚಕ. ಮಾತು ಬಲಿತ ಮಕ್ಕಳಿಗೆ ಮುಖಚಿತ್ರಗಳ ಸಾಲನ್ನು ತೋರಿಸಿ, ತಮ್ಮ ನೋವಿಗೆ ಹೊಂದುವುದನ್ನು ಆರಿಸಹೇಳುತ್ತಾರೆ.

ಎರಡಕ್ಕೂ ಭೇದವಿಷ್ಟು: ಕಾಶ್ಯಪನ ಲಕ್ಷಣಗಳು ನೋವು ಎಲ್ಲಿ ಎಂಬುದನ್ನು ತಿಳಿಸುತ್ತವೆ, ಫ್ಲ್ಯಾಕ್ ಮಾನವು ಎಷ್ಟು ಎಂಬುದನ್ನು ತಿಳಿಸುತ್ತದೆ. ಔಷಧವನ್ನು ಕೊಟ್ಟ ಬಳಿಕ ಮತ್ತೆ ಎಣಿಸಿ ಉಪಶಮನವನ್ನು ಕಾಣಬಹುದಾದುದು ಅಂಕಗಳ ವಿಶೇಷಪ್ರಯೋಜನ. ಆದರೆ ಲಕ್ಷಣವೇ ನೋವಲ್ಲ. ಹಸಿವು ಭಯಗಳಿಂದಲೂ ಮಗು ಅಳುವುದುಂಟು. ಅತ್ಯಂತ ಪೀಡಿತವಾದುದು ಅಲುಗದೆ ಸುಮ್ಮನೆ ಬಿದ್ದಿರುವುದೂ ಉಂಟು. ಆದಕಾರಣ ಮಗುವಿನ ಸಹಜಸ್ಥಿತಿಯನ್ನು ಬಲ್ಲ ತಾಯಿಯ ಮಾತು ಇಲ್ಲಿ ಅನುಪೇಕ್ಷಣೀಯವಾದ ಪ್ರಮಾಣ.

ನವಜಾತಶಿಶುಗಳಿಗೆ ನೋವಿನ ಅರಿವು ಇಲ್ಲವೆಂಬ ಭ್ರಾಂತಿಯು ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ ಪ್ರಬಲವಾಗಿತ್ತು. ಅತ್ಯಲ್ಪ ಅರಿವಳಿಕೆಯಿಂದಲೇ ಅವುಗಳಿಗೆ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದುದುಂಟು. 1987ರಲ್ಲಿ ಆನಂದ್ ಮೊದಲಾದ ವೈದ್ಯರ ಸಂಶೋಧನೆಗಳು ಪ್ರಕಟವಾದ ಮೇಲೆ ಆ ಮತವು ಸಡಿಲಿತು. ನೋವನ್ನು ಹೇಳಲಾರದಿರುವುದು ನೋವಿನ ಅಭಾವಕ್ಕೆ ಸಾಧಕವಲ್ಲವೆಂದು ಅಂತರರಾಷ್ಟ್ರೀಯ ವೇದನಾಧ್ಯಯನಸಂಘವು 2020ರಲ್ಲಿ ಪರಿಷ್ಕರಿಸಿದ ನಿರ್ವಚನದ ವಿವರಣೆಯಲ್ಲಿ ಸ್ಪಷ್ಟಪಡಿಸಿದೆ.

‘ವೇದನಾ’ ಶಬ್ದವು ಅರಿವೆಂಬ ಅರ್ಥದ ‘ವಿದ್’ ಧಾತುವಿನಿಂದ ಹುಟ್ಟಿದುದು. ಶಿಶುವು ತನ್ನ ನೋವನ್ನು ಅರಿಯುತ್ತದೆ. ಅದನ್ನು ಅರಿತುಕೊಳ್ಳುವ ಭಾರವು ನೋಡುವವನದು. ವೇದನಾಧ್ಯಾಯದ ತಾತ್ಪರ್ಯವೂ ಇದೇ.