ಜಾರಿದವರನ್ನು ಎತ್ತುವ ಸಂಘ

ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆಯರ ಚತುರ್ವಿಧ ಸಂಘವು ಭಗವಾನ್ ಮಹಾವೀರರ ಕಾಲದಿಂದ 2,500 ವರ್ಷಗಳಿಗೂ ಮಿಗಿಲಾಗಿ ಬಾಳಿ ಬಂದಿದೆ. ಶ್ರಾವಕರ ಆಹಾರದಾನ ಮುನಿಗಳ ತಪಸ್ಸಿಗೆ ಆಸರೆ. ಮುನಿಗಳ ಉಪದೇಶ ಶ್ರಾವಕರ ಬಾಳಿಗೆ ಬೆಳಕು. ಆದರೆ ಸಂಘದ ನಿಜವಾದ ಪರೀಕ್ಷೆ ನಡೆಯುವುದು ಅದರಲ್ಲಿ ಒಬ್ಬರು ಜಾರಿದಾಗ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ವಿವರಿಸಿದ ಸಮ್ಯಗ್ದರ್ಶನದ 8 ಅಂಗಗಳಲ್ಲಿ ಎರಡು ಇದಕ್ಕೇ ಸಂಬಂಧಿಸಿವೆ. ಸಾಧರ್ಮಿಗಳ ದೋಷವನ್ನು ಬೀದಿಗೆ ತರದಿರುವುದು ಉಪಗೂಹನ. ಜಾರಿದವರನ್ನು ಮತ್ತೆ ಧರ್ಮದಲ್ಲಿ ನಿಲ್ಲಿಸುವುದು ಸ್ಥಿತಿಕರಣ.

ಮಡದಿಯ ನೆನಪಿನಿಂದ ವ್ರತ ತೊರೆಯಹೊರಟ ಸಹಮುನಿಯನ್ನು ಶ್ರೇಣಿಕರಾಜನ ಮಗನಾದ ವಾರಿಷೇಣ ಮುನಿಯು ನಿಂದಿಸಲಿಲ್ಲ. ತಾನು ತ್ಯಜಿಸಿದ ಅರಮನೆಗೆ ಕರೆದೊಯ್ದು, ಅಲ್ಲಿನ ಸಿರಿಯನ್ನು ತೋರಿಸಿದನು. ಸಹಮುನಿಯು ನಾಚಿ, ವ್ರತದಲ್ಲಿ ದೃಢನಾದನು.

ದೋಷವನ್ನು ಮುಚ್ಚಿ ಸುಮ್ಮನಾದರೆ ಉಪಗೂಹನ ಪೂರ್ಣವಾಗದು. ಮುಚ್ಚಿದ ಕೈಯೇ ಬಿದ್ದವರನ್ನು ಎತ್ತಬೇಕು. ಸಂಘ ಉಳಿಯುವುದು ಆಗಲೇ.