ಎರಡು ಗುಜರಿ ಸೇರಿ ಒಂದು ಕಾರು

ಹಿತ್ತಿಲ ಹುಣಸೆ ಮರದ ಕೆಳಗೋ, ಹಳೆಯ ಕೊಟ್ಟಿಗೆಯ ಮೂಲೆಯಲ್ಲೋ ಒಂದು ಕಾರು ನಿಂತಿರುತ್ತದೆ. ಅಜ್ಜನ ಕಾಲದಲ್ಲಿ ಕೊಂಡದ್ದು. ಟೈರು ಇಳಿದು ನೆಲಕ್ಕೆ ಕೂತಿದೆ. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂರುತ್ತದೆ. ಒಂದು ದಿನ ಗುಜರಿಯವನು ಬಾಗಿಲಿಗೆ ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳುತ್ತಾನೆ. ಕೊಟ್ಟುಬಿಡುವುದೋ, ರಿಪೇರಿ ಮಾಡಿಸುವುದೋ? ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ಅಜ್ಜನ ನೆನಪು ಎಂದು ಒಬ್ಬರು, ಹಣ ನುಂಗುವ ಭೂತ ಎಂದು ಮತ್ತೊಬ್ಬರು.

ಇಬ್ಬರ ಮಾತಿನಲ್ಲೂ ಸತ್ಯವಿದೆ. ತುಕ್ಕು ತಿಂದ ಕಾರನ್ನು ಅದೇ ಜಾತಿಯ ಇನ್ನೊಂದು ಗುಜರಿ ಕಾರಿನ ಭಾಗಗಳಿಂದ ಬದುಕಿಸಬಹುದು. ಈ ಎರಡನೆಯದನ್ನು ‘ದಾನಿ ಕಾರು’ ಎನ್ನುತ್ತಾರೆ. ಆದರೆ ಯಾವ ಕಾರಿನ ಯಾವ ಭಾಗ ಉಳಿಯಬೇಕು ಎಂಬುದನ್ನು ಸ್ಪ್ಯಾನರ್ ಹಿಡಿಯುವ ಮೊದಲೇ ತೀರ್ಮಾನಿಸಬೇಕು. ಇಲ್ಲಿ ತಪ್ಪಿದರೆ ಹಣವೂ ಹೋಗುತ್ತದೆ, ಜೀವಕ್ಕೂ ಅಪಾಯ. ಇದನ್ನು ತಿಳಿಯಲು ಹೆರಾಲ್ಡ್ ಕಾರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಬೋಲ್ಟಿನಿಂದ ಕಟ್ಟಿದ ಕಾರು

ಇಂಗ್ಲೆಂಡಿನ ಕೊವೆಂಟ್ರಿಯ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಕಾರನ್ನು ಹೊರತಂದಿತು. ರೂಪ ಕೊಟ್ಟವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ಮರುವರ್ಷ, 1960ರಲ್ಲಿ, ಕ್ಯಾನ್ವಾಸ್ ಚಾವಣಿಯನ್ನು ಹಿಂದಕ್ಕೆ ಮಡಿಸಬಲ್ಲ ಕನ್ವರ್ಟಿಬಲ್ ಬಂದಿತು. ಇಂಗ್ಲೆಂಡಿನಲ್ಲಿ ಹೆರಾಲ್ಡ್ ತಯಾರಿಕೆ 1971ರಲ್ಲಿ ನಿಂತಿತು.

ಆ ಹೊತ್ತಿಗೆ ಹೆಚ್ಚಿನ ಕಂಪನಿಗಳು ಛಾಸಿಯನ್ನು ಬಿಟ್ಟು, ಇಡೀ ಬಾಡಿಯನ್ನು ಒಂದೇ ಪೆಟ್ಟಿಗೆಯಂತೆ ಬೆಸೆಯುವ ಪದ್ಧತಿಗೆ ಹೋಗಿದ್ದವು. ಸ್ಟ್ಯಾಂಡರ್ಡ್‌ಗೆ ಬಾಡಿ ಒದಗಿಸುತ್ತಿದ್ದ ಫಿಶರ್ ಅಂಡ್ ಲಡ್ಲೋ ಕಾರ್ಖಾನೆಯನ್ನು 1953ರಲ್ಲಿ ಪ್ರತಿಸ್ಪರ್ಧಿ ಕಂಪನಿ ಕೊಂಡುಬಿಟ್ಟಿತ್ತು. ಆದ್ದರಿಂದ ಹೆರಾಲ್ಡ್‌ಗೆ ಪ್ರತ್ಯೇಕ ಛಾಸಿ ಮಾಡಿ, ಅದರ ಮೇಲೆ ಬಿಡಿ ಭಾಗಗಳನ್ನು ಬೋಲ್ಟಿನಿಂದ ಬಿಗಿಯುವ ದಾರಿ ಹಿಡಿದರು. ಮುಂಭಾಗ, ಹಿಂಭಾಗ, ಬಾಗಿಲು, ಚಾವಣಿ ಎಲ್ಲವೂ ಬೇರೆ ಬೇರೆ. ಬಾನೆಟ್ಟು ಮುಂದಿನ ಮಡ್‌ಗಾರ್ಡುಗಳ ಸಮೇತ ಒಂದೇ ತುಂಡಾಗಿ ಮುಂದಕ್ಕೆ ಬಾಗುತ್ತದೆ.

ಬಿಡಿ ಭಾಗಗಳಾಗಿ ಹಡಗಿಗೆ ಹಾಕಿ ದೂರ ದೇಶಗಳಲ್ಲಿ ಜೋಡಿಸಲು ಇದು ಅನುಕೂಲವಾಯಿತು. ಹಾಗೆಯೇ ಅದು ನಮ್ಮ ಪಕ್ಕದ ಮದ್ರಾಸಿಗೂ ಬಂದಿತು. ಅಲ್ಲಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ತಯಾರಿಸಿತು. ಮೊದಲು ಎರಡು ಬಾಗಿಲು. 1960ರ ದಶಕದ ಕೊನೆಯಲ್ಲಿ ನಾಲ್ಕು ಬಾಗಿಲಾಯಿತು. ಎಂಜಿನ್ 948 ಸಿ.ಸಿ. ಅದರ ನಂತರದ ‘ಗೆಜೆಲ್’ 1972ರಿಂದ 1977ರವರೆಗೆ ಬಂದಿತು. ನಮ್ಮ ಹಿರಿಯರು ಕಂಡ ಹೆರಾಲ್ಡ್ ಇದೇ. 25 ಅಡಿ ಜಾಗದೊಳಗೆ ಸುತ್ತು ಹೊಡೆದು ತಿರುಗುತ್ತಿದ್ದ ಆ ಪುಟ್ಟ ಕಾರನ್ನು ಕಂಡವರು ಮರೆಯಲಾರರು.

ಬೋಲ್ಟು ಬಿಚ್ಚಿದರೆ ಭಾಗ ಕೈಗೆ ಬರುವುದರಿಂದ, ದಾನಿ ಕಾರಿನಿಂದ ಬದುಕಿಸಲು ಹೆರಾಲ್ಡ್‌ನಷ್ಟು ಸುಲಭವಾದ ಕಾರು ಕಡಿಮೆ.

ತುಕ್ಕು ಎಲ್ಲಿ ಅಡಗಿರುತ್ತದೆ?

ಕಬ್ಬಿಣ, ನೀರು, ಗಾಳಿ ಈ ಮೂರೂ ಸೇರಿದಾಗ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಇನ್ನೂ ಬೇಗ. ಇಂಗ್ಲೆಂಡಿನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಅಲ್ಲಿನ ಹೆರಾಲ್ಡ್‌ಗಳನ್ನು ತಿಂದದ್ದು ಅದೇ. ನಮ್ಮಲ್ಲಿ ಕರಾವಳಿಯ ಗಾಳಿ, ಮಲೆನಾಡಿನ ಮಳೆ, ಕೊಟ್ಟಿಗೆಯ ಗಂಜಲ, ಗೊಬ್ಬರದ ಪುಡಿ ಅದೇ ಕೆಲಸ ಮಾಡುತ್ತವೆ.

ಕಣ್ಣಿಗೆ ಕಾಣುವ ತುಕ್ಕಿಗೆ ಹೆದರಬೇಕಾಗಿಲ್ಲ. ಬಾಗಿಲಿನ ಕೆಳ ಅಂಚು, ಡಿಕ್ಕಿಯ ನೆಲ ತೂತಾಗಿದ್ದರೆ ಬದಲಿಸಬಹುದು. ಹೆದರಬೇಕಾದದ್ದು ಕೆಳಗಿನ ಛಾಸಿಯಲ್ಲಿ ಅಡಗಿದ ತುಕ್ಕಿಗೆ. ಹೆರಾಲ್ಡ್‌ನ ಛಾಸಿಯಲ್ಲಿ ನಡುವೆ ಎರಡು ಉದ್ದನೆಯ ತೊಲೆಗಳಿದ್ದು, ಅವುಗಳಿಂದ ಪಕ್ಕಕ್ಕೆ ಔಟ್‌ರಿಗರ್ ಎಂಬ ತೋಳುಗಳು ಚಾಚಿರುತ್ತವೆ. ಬಾಡಿ ಕೂರುವುದು ಈ ತೋಳುಗಳ ಮೇಲೆ. ಚಕ್ರದಿಂದ ಎರಚಿದ ಕೆಸರು ಇಲ್ಲಿ ಸೇರಿ ವರ್ಷಗಟ್ಟಲೆ ತೇವ ಹಿಡಿಯುತ್ತದೆ. ಹೊರಗೆ ಬಣ್ಣ ಹಾಗೇ ಇರುತ್ತದೆ, ಒಳಗೆ ಕಬ್ಬಿಣ ಹಪ್ಪಳವಾಗಿರುತ್ತದೆ.

ಪರೀಕ್ಷೆಗೆ ಸಣ್ಣ ಸುತ್ತಿಗೆ, ಹಳೆಯ ಸ್ಕ್ರೂಡ್ರೈವರ್ ಸಾಕು. ತಟ್ಟಿದಾಗ ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ; ಕೊಳೆತದ್ದು ಮಡಕೆ ಒಡೆದಂತೆ ಮಂಕಾಗಿ ಸದ್ದು ಮಾಡುತ್ತದೆ. ಅಂಥ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಗೆ ಹೋದರೆ ಸುಣ್ಣದಿಂದ ಗುರುತು ಹಾಕಿ.

ಕನ್ವರ್ಟಿಬಲ್‌ನಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ. ಚಾವಣಿಯುಳ್ಳ ಕಾರಿನಲ್ಲಿ ಚಾವಣಿಯೂ ಭಾರದ ಒಂದು ಪಾಲು ಹೊರುತ್ತದೆ. ತೆರೆದ ಕಾರಿನಲ್ಲಿ ಎಲ್ಲ ಭಾರವನ್ನೂ ಕೆಳಗಿನ ಕಬ್ಬಿಣವೇ ಹೊರಬೇಕು. ಅದು ಕೊಳೆತಿದ್ದರೆ ಕಾರು ನಡುವೆ ಬಾಗುತ್ತದೆ. ಬಾಗಿಲು ಮುಚ್ಚಲು ಎತ್ತಿ ತಳ್ಳಬೇಕಾಗಿದೆಯೇ? ಬಾಗಿಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದೆಯೇ? ಹಾಗಿದ್ದರೆ ಬೆನ್ನು ಮುರಿದಿದೆ ಎಂದೇ ತಿಳಿಯಬೇಕು. ಮಾಮೂಲಿ ಹೆರಾಲ್ಡ್‌ನ ಚಾವಣಿಯ ಬೋಲ್ಟು ಬಿಚ್ಚಿ ಶೋಕಿಗಾಗಿ ತೆರೆದ ಕಾರು ಮಾಡುವುದು ಇದೇ ಕಾರಣಕ್ಕೆ ತಪ್ಪು.

ದಾನಿ ಕಾರನ್ನು ಆರಿಸುವ ಬಗೆ

ನಿಮ್ಮ ಕಾರಿನಲ್ಲಿ ಕೊಳೆತ ಭಾಗ ಯಾವ ಕಾರಿನಲ್ಲಿ ಗಟ್ಟಿಯಾಗಿದೆಯೋ ಅದೇ ಒಳ್ಳೆಯ ದಾನಿ. ಹೊಳೆಯುವ ಬಣ್ಣ, ಓಡುವ ಎಂಜಿನ್ ನೋಡಿ ಮರುಳಾಗಬೇಡಿ. ಎರಡೂ ಕಾರು ಒಂದೇ ಜಾಗದಲ್ಲಿ ಕೊಳೆತಿದ್ದರೆ ನಿಮಗೆ ಸಿಗುವುದು ಎರಡು ಗುಜರಿ, ಅಷ್ಟೇ. ನಾಲ್ಕು ಬಾಗಿಲಿನ ಹೆರಾಲ್ಡ್‌ನ ಬಾಗಿಲು ಎರಡು ಬಾಗಿಲಿನದಕ್ಕೆ ಕೂರುವುದಿಲ್ಲ ಎಂಬುದನ್ನೂ ನೆನಪಿಡಿ.

ದಾನಿಯಿಂದ ತೆಗೆದುಕೊಳ್ಳಬಾರದ ಭಾಗಗಳೂ ಉಂಟು. ಬ್ರೇಕಿನ ಪೈಪು, ರಬ್ಬರ್ ಹೋಸು, ಸಿಲಿಂಡರಿನ ವಾಷರು, ಟೈರು ಇವುಗಳನ್ನು ಹೊಸದಾಗಿಯೇ ಹಾಕಬೇಕು. ಹೆರಾಲ್ಡ್‌ನ ಮುಂದಿನ ಚಕ್ರದ ಬಳಿ ಟ್ರನಿಯನ್ ಎಂಬ ಹಿತ್ತಾಳೆಯ ಕೀಲು ಇದೆ. ಅದರೊಳಗೆ ತಿರುಗುವ ಉಕ್ಕಿನ ಕಂಬಕ್ಕೆ ಗ್ರೀಸಲ್ಲ, ಗೇರ್ ಎಣ್ಣೆ ಬೇಕು. ಎಣ್ಣೆ ಕಾಣದ ಕೀಲಿನೊಳಗೆ ನೀರು ಸೇರಿ ಕಂಬ ತುಕ್ಕು ಹಿಡಿಯುತ್ತದೆ, ಒಂದು ದಿನ ತುಂಡಾಗಿ ಚಕ್ರ ಮಡಚಿಕೊಳ್ಳುತ್ತದೆ. ಎಷ್ಟೋ ವರ್ಷ ನಿಂತ ಕಾರಿನ ಈ ಕಂಬವನ್ನು ನಂಬಿ ಮಕ್ಕಳು ಮರಿಗಳನ್ನು ಕೂರಿಸಿಕೊಂಡು ಹೊರಡಬಾರದು.

ಕೆಲಸದ ಕ್ರಮ

ಮೊದಲು ಅಳತೆ, ಆಮೇಲೆ ಬಿಚ್ಚುವುದು. ಬಾಗಿಲಿನ ಸಂದುಗಳನ್ನು ಅಳೆದು ಬರೆದಿಡಿ. ಮೊಬೈಲಿನಲ್ಲಿ ಪ್ರತಿ ಹಂತದ ಫೋಟೊ ತೆಗೆಯಿರಿ. ಬಿಚ್ಚಿದ ಬೋಲ್ಟುಗಳನ್ನು ಒಂದೊಂದು ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸಿ. ಬಾಡಿ ಮತ್ತು ಛಾಸಿಯ ನಡುವೆ ಬಿಲ್ಲೆಗಳಿರುತ್ತವೆ. ಯಾವ ಜಾಗದಲ್ಲಿ ಎಷ್ಟು ಎಂದು ಎಣಿಸಿ ಬರೆಯಿರಿ. ಅವು ಹೆಚ್ಚುಕಡಿಮೆಯಾದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ.

ಎರಡನೆಯದಾಗಿ, ತೆರೆದ ಕಾರಿನ ಬಾಡಿ ಎತ್ತುವ ಮುನ್ನ ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು ಆಧಾರ ಕೊಡಿ. ಮುರಿದ ಕಾಲಿಗೆ ದಬ್ಬೆ ಕಟ್ಟಿದಂತೆ ಇದು. ಇಲ್ಲದಿದ್ದರೆ ಎತ್ತುವಾಗಲೇ ಬಾಡಿ ತಿರುಚಿಕೊಳ್ಳುತ್ತದೆ. ಛಾಸಿಯ ತೋಳುಗಳನ್ನು ಒಂದೇ ಸಲ ಎಲ್ಲ ಕತ್ತರಿಸದೆ, ಒಂದನ್ನು ಕತ್ತರಿಸಿ ಹೊಸದನ್ನು ಬೆಸೆದು, ಅಳತೆ ನೋಡಿ, ಮುಂದಿನದಕ್ಕೆ ಹೋಗಬೇಕು.

ಮೂರನೆಯದಾಗಿ, ಕೊಳೆತದ್ದನ್ನು ಪೂರ್ತಿ ಕತ್ತರಿಸಿ. ಬೆಳ್ಳಗೆ ಹೊಳೆಯುವ ಗಟ್ಟಿ ಕಬ್ಬಿಣ ಸಿಗುವವರೆಗೂ ಕತ್ತರಿಸಬೇಕು. ತುಕ್ಕಿನ ಮೇಲೆ ತಗಡು ಮುಚ್ಚಿ ಪುಟ್ಟಿ ಬಳಿಯುವುದು, ಗೆದ್ದಲು ತಿಂದ ತೊಲೆಗೆ ಸುಣ್ಣ ಹೊಡೆದಂತೆ. ದಾನಿಯಿಂದ ಕತ್ತರಿಸುವ ತುಂಡು ಬೇಕಾದ್ದಕ್ಕಿಂತ ಒಂದೆರಡು ಅಂಗುಲ ದೊಡ್ಡದಿರಲಿ. ಆಮೇಲೆ ಸವರಿ ಕೂರಿಸಬಹುದು. ತೆಳು ತಗಡನ್ನು ಒಂದೇ ಸಮನೆ ಬೆಸೆದರೆ ಕಾವಿಗೆ ಸೊಟ್ಟಗಾಗುತ್ತದೆ. ಅಲ್ಲಲ್ಲಿ ಚುಕ್ಕೆ ಹಾಕಿ, ಆರಲು ಬಿಟ್ಟು, ಮತ್ತೆ ಬೆಸೆಯಬೇಕು.

ವೆಲ್ಡಿಂಗಿಗೆ ಮುನ್ನ ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ತೆಗೆದು ದೂರ ಇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯಬಲ್ಲದು. ಸತು ಲೇಪಿಸಿದ ತಗಡು ಬೆಸೆಯುವಾಗ ಏಳುವ ಹೊಗೆ ಕುಡಿದರೆ ಜ್ವರ ಬರುತ್ತದೆ. ಗಾಳಿಯಾಡುವ ಕಡೆ ಕೆಲಸ ಮಾಡಿ.

ಕಾಕಂಬಿಯ ಉಪಾಯ

ಸಣ್ಣ ಭಾಗಗಳ ತುಕ್ಕು ಬಿಡಿಸಲು ಕಬ್ಬಿನ ಸೀಮೆಯವರಿಗೆ ಅಗ್ಗದ ದಾರಿಯೊಂದಿದೆ. ದನದ ಮೇವಿಗೆ ಬೆರೆಸುವ ಕಾಕಂಬಿ ಒಂದು ಪಾಲು, ನೀರು ಒಂಬತ್ತು ಪಾಲು ಕಲಸಿ, ಜಿಡ್ಡು ತೊಳೆದ ಕಬ್ಬಿಣದ ಭಾಗವನ್ನು ಪೂರ್ತಿ ಮುಳುಗಿಸಿ. ಒಂದೆರಡು ವಾರ ಬಿಟ್ಟು ತೆಗೆದು ತೊಳೆದರೆ ತುಕ್ಕು ಬಿಟ್ಟಿರುತ್ತದೆ, ಗಟ್ಟಿ ಕಬ್ಬಿಣ ಹೆಚ್ಚು ಸವೆಯುವುದಿಲ್ಲ. ಅಲ್ಯೂಮಿನಿಯಂ, ಸತುವಿನ ಭಾಗಗಳನ್ನು ಮಾತ್ರ ಹಾಕಬಾರದು. ಅವನ್ನು ಅದು ತಿಂದುಹಾಕುತ್ತದೆ. ವಾಸನೆ ಕೆಟ್ಟದು, ಆದ್ದರಿಂದ ಡ್ರಮ್ಮು ಮನೆಯಿಂದ ದೂರವಿರಲಿ. ಹೊರಗೆ ತೆಗೆದ ಕಬ್ಬಿಣವನ್ನು ಕೂಡಲೇ ಒಣಗಿಸಿ ಪ್ರೈಮರ್ ಬಳಿಯಬೇಕು, ಇಲ್ಲವಾದರೆ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪೇರುತ್ತದೆ.

ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿದರೆ ಕಪ್ಪು ಶಾಯಿಯಾಗುವುದನ್ನು ಹಿರಿಯರು ಬಲ್ಲರು. ಅಂಗಡಿಯಲ್ಲಿ ಸಿಗುವ ಕೆಲವು ತುಕ್ಕುನಿರೋಧಕ ದ್ರವಗಳಲ್ಲಿ ಇರುವುದೂ ಅದೇ ಟ್ಯಾನಿನ್ ಅಂಶ. ಅದು ಮೇಲಿನ ತೆಳು ತುಕ್ಕನ್ನು ಕಪ್ಪು ಪದರವಾಗಿ ಮಾಡುತ್ತದೆ. ತೂತಾದ ತಗಡಿಗೆ ಅದರಿಂದ ಪ್ರಯೋಜನವಿಲ್ಲ.

ಕೊನೆಯಲ್ಲಿ ಛಾಸಿಯ ಒಳಗೆ ಮೇಣದ ದ್ರವ ಸಿಂಪಡಿಸಿ. ಕೆಳಗಿನ ನೀರಿನ ತೂತುಗಳನ್ನು ಬಣ್ಣ ಮುಚ್ಚದಂತೆ ನೋಡಿಕೊಳ್ಳಿ. ಗದ್ದೆಗೆ ಬಸಿಗಾಲುವೆ ಇದ್ದಂತೆ ಕಾರಿಗೆ ಈ ತೂತುಗಳು.

ಕಾಗದಪತ್ರ ಮರೆಯಬೇಡಿ

ಕಾರಿನ ಗುರುತು ಇರುವುದು ಛಾಸಿ ನಂಬರಿನಲ್ಲಿ. ದಾನಿಯ ಇಡೀ ಛಾಸಿಯನ್ನು ತೆಗೆದು ನಿಮ್ಮ ಬಾಡಿಯ ಕೆಳಗೆ ಇಟ್ಟರೆ, ನಿಮ್ಮ ಆರ್.ಸಿ. ಪುಸ್ತಕ ಒಂದು ಹೇಳುತ್ತದೆ, ಕಬ್ಬಿಣ ಇನ್ನೊಂದು ಹೇಳುತ್ತದೆ. ಅಂಥ ಬದಲಾವಣೆಗೆ ಸಾರಿಗೆ ಕಚೇರಿಯ ಅನುಮತಿ ಬೇಕು. ಹಳೆಯ ನಂಬರನ್ನು ಕೊರೆದು ಹೊಸ ಛಾಸಿಗೆ ಬೆಸೆಯುವುದು ಅಪರಾಧ. ಯಾವ ಮೇಸ್ತ್ರಿ ಹೇಳಿದರೂ ಒಪ್ಪಬೇಡಿ.

50 ವರ್ಷ ದಾಟಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. ಆ ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂ., ಹತ್ತು ವರ್ಷದ ನಂತರ ನವೀಕರಣಕ್ಕೆ 5,000 ರೂ. ಶುಲ್ಕ ಗೊತ್ತುಮಾಡಲಾಯಿತು. ಛಾಸಿ, ಬಾಡಿ, ಎಂಜಿನ್‌ಗಳನ್ನು ಗಣನೀಯವಾಗಿ ಮಾರ್ಪಡಿಸಿರಬಾರದು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಆದ್ದರಿಂದ ಕೆಲಸ ಹಿಡಿಯುವ ಮುನ್ನವೇ ಸಾರಿಗೆ ಕಚೇರಿಗೆ ಹೋಗಿ ವಿಚಾರಿಸಿ. ಸಾಧ್ಯವಾದಷ್ಟೂ ನಿಮ್ಮ ಛಾಸಿಯನ್ನೇ ಉಳಿಸಿಕೊಂಡು, ಕೊಳೆತ ತೋಳುಗಳನ್ನು ಮಾತ್ರ ಬದಲಿಸುವುದು ಕ್ಷೇಮ.

ಕೊಡುವುದೂ ದಾನವೇ

ಇಷ್ಟು ತಿಳಿದ ಮೇಲೆ ಗುಜರಿಯವನಿಗೆ ಉತ್ತರ ಹೇಳಬಹುದು. ಛಾಸಿಯ ನಡುವಿನ ತೊಲೆಗಳು ಗಟ್ಟಿಯಾಗಿವೆ, ನಂಬರು ಓದಲು ಬರುತ್ತದೆ, ಆರ್.ಸಿ. ಪುಸ್ತಕ ಮನೆಯಲ್ಲಿದೆ. ಈ ಮೂರೂ ಇದ್ದರೆ ಕಾರನ್ನು ಉಳಿಸಿಕೊಳ್ಳಿ. ಒಂದೇ ಬೇಸಿಗೆಯಲ್ಲಿ ಮುಗಿಸುವ ಆತುರ ಬೇಡ. ಸಾಲ ಮಾಡಿ ಮಾಡಿಸುವ ಕೆಲಸವಂತೂ ಇದಲ್ಲ. ಮೂಗಿಗಿಂತ ಮೂಗುತಿ ಭಾರವಾಗಬಾರದು.

ತೊಲೆ ಕೊಳೆತಿದ್ದು ಪುಸ್ತಕವೂ ಕಳೆದಿದ್ದರೆ ಹಠ ಬೇಡ. ಹಾಗೆಂದು ತಕ್ಕಡಿಗೂ ಹಾಕಬೇಡಿ. ನಿಮ್ಮ ಕಾರಿನ ಬಾನೆಟ್ಟು, ಬಾಗಿಲು, ಗೇರ್‌ಪೆಟ್ಟಿಗೆಗಾಗಿ ಇನ್ನಾವುದೋ ಊರಿನಲ್ಲಿ ಒಬ್ಬರು ಹುಡುಕುತ್ತಿರಬಹುದು. ಸಾರಿಗೆ ಕಚೇರಿಯಲ್ಲಿ ನೋಂದಣಿ ರದ್ದು ಮಾಡಿಸಿ, ಅಂಥವರಿಗೆ ಕೊಡಿ. ಅಜ್ಜನ ಕಾರು ಇನ್ನೊಬ್ಬರ ಅಜ್ಜನ ಕಾರನ್ನು ಓಡಿಸುತ್ತದೆ.

ಕಾರು ಇಲ್ಲದವರಿಗೂ ಇಲ್ಲೊಂದು ಪಾಠವಿದೆ. ಗೊಬ್ಬರ ಹೇರಿದ ಟ್ರೇಲರನ್ನು, ಔಷಧಿ ಹೊಡೆದ ಪಂಪನ್ನು ಅದೇ ಸಂಜೆ ತೊಳೆದು ಒಣಗಿಸಿ ಇಡಿ. ನೇಗಿಲಿಗೆ ಹಳೆಯ ಎಣ್ಣೆ ಸವರಿ. ಒಂದು ಬಿಂದಿಗೆ ನೀರು, ಒಂದು ಚೂರು ಬಟ್ಟೆ ಮುಂದಿನ ವೆಲ್ಡಿಂಗ್ ಖರ್ಚನ್ನು ಉಳಿಸುತ್ತವೆ.